ಕೆಜಿಎಫ್ ಬಂಡೆಯಿಂದ ಆಮ್ಲಜನಕದ ಹನಿಯವರೆಗೆ: ಕಣಗಳು ಕಳೆದುಕೊಂಡ ಶಕ್ತಿಯ ಶೋಧ

ಕೆಜಿಎಫ್: ಬಂಗಾರಪೇಟೆ ಜಂಕ್ಷನ್‌ನಲ್ಲಿ ಮುಖ್ಯ ಮಾರ್ಗವನ್ನು ಬಿಟ್ಟು ಕವಲು ಹಳಿಗೆ ಹೊರಳುವ ರೈಲು ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ಪುಟ್ಟ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಹಳಿ ಅಲ್ಲಿಗೆ ಮುಗಿಯುತ್ತದೆ. ಸುತ್ತಲೂ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳು. ಊರಿನವರು ಇವನ್ನು ಇಂದಿಗೂ ಸೈನೈಡ್ ಗುಡ್ಡ ಎಂದೇ ಕರೆಯುತ್ತಾರೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ನಂತರ ಗಣಿಯ ಸುರಂಗಗಳಿಗೆ ನೀರು ತುಂಬಿದೆ.

ಆ ನೀರಿನಡಿಯಲ್ಲಿ, ನೆಲಮಟ್ಟದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ಆಳದ ಭೌತವಿಜ್ಞಾನ ಪ್ರಯೋಗಾಲಯವಿತ್ತು. ಕೆಜಿಎಫ್ ಎಂದೊಡನೆ ಚಿನ್ನ ಮತ್ತು ಸಿನಿಮಾ ನೆನಪಾಗುವ ಈ ದಿನಗಳಲ್ಲಿ ಆ ಪ್ರಯೋಗಾಲಯವನ್ನು ನೆನೆಯುವವರು ಕಡಿಮೆ. ಈಗ ಅದನ್ನು ನೆನೆಯಲು ಒಂದು ಕಾರಣವಿದೆ. 2025ರ ಜುಲೈನಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ (ಎಲ್‌ಎಚ್‌ಸಿ) ಯಂತ್ರದಲ್ಲಿ ಮೊದಲ ಬಾರಿಗೆ ಆಮ್ಲಜನಕದ ನ್ಯೂಕ್ಲಿಯಸ್‌ಗಳನ್ನು ಪರಸ್ಪರ ಡಿಕ್ಕಿ ಹೊಡೆಸಲಾಯಿತು. ಅಲ್ಲಿ ವಿಜ್ಞಾನಿಗಳು ಕೇಳಿದ ಪ್ರಶ್ನೆ, ದಶಕಗಳ ಹಿಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೇಳಿದ ಪ್ರಶ್ನೆಯ ಹತ್ತಿರದ ಬಂಧು: ಒಂದು ಕಣ ವಸ್ತುವಿನೊಳಗೆ ಹಾದು ಬಂದಾಗ ಎಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ? ಅದು ಕಳೆದುಕೊಂಡಿತೆಂದು ನಮಗೆ ತಿಳಿಯುವುದು ಹೇಗೆ?

ಬಂಡೆಯೇ ಅಳತೆಗೋಲು

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಬಹುಪಾಲು ಪ್ರೋಟಾನ್‌ಗಳು. ಅವು ವಾಯುಮಂಡಲದ ಮೇಲ್ಪದರದಲ್ಲಿ ಸಾರಜನಕ ಅಥವಾ ಆಮ್ಲಜನಕದ ನ್ಯೂಕ್ಲಿಯಸ್‌ಗೆ ಬಡಿದು ಹೊಸ ಕಣಗಳ ಮಳೆಯನ್ನು ಸುರಿಸುತ್ತವೆ. ಆ ಮಳೆಯಲ್ಲಿ ನೆಲದವರೆಗೂ ತಲುಪುವ ಮುಖ್ಯ ಕಣ ಮ್ಯೂಯಾನ್. ಇದು ಎಲೆಕ್ಟ್ರಾನಿನ ದಾಯಾದಿ. ಆದರೆ ಅದಕ್ಕಿಂತ ಸುಮಾರು 207 ಪಟ್ಟು ಭಾರ. ನೆಲಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸರಿಸುಮಾರು ಒಂದರಂತೆ ಮ್ಯೂಯಾನ್‌ಗಳು ಬೀಳುತ್ತಿರುತ್ತವೆ. ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಓದುಗರ ಅಂಗೈಯೊಂದರಲ್ಲೇ ಹಲವು ಹಾದು ಹೋಗಿರುತ್ತವೆ.

ವಸ್ತುವಿನೊಳಗೆ ಸಾಗುವ ಮ್ಯೂಯಾನ್ ಎರಡು ಬಗೆಯಲ್ಲಿ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ದಾರಿಯಲ್ಲಿ ಸಿಕ್ಕ ಪರಮಾಣುಗಳ ಎಲೆಕ್ಟ್ರಾನ್‌ಗಳನ್ನು ತಳ್ಳುತ್ತಾ ಸ್ವಲ್ಪ ಸ್ವಲ್ಪವಾಗಿ ಸೋರುವುದು ಒಂದು. ಇದು ದಾರಿಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ದರದಲ್ಲಿ ತೆರುವ ಸುಂಕ. ಎರಡನೆಯದು, ನ್ಯೂಕ್ಲಿಯಸ್‌ಗಳ ಸಮೀಪ ಹಾದಾಗ ಬೆಳಕಿನ ಕಣಗಳನ್ನು ಹೊರಸೂಸಿ ಒಮ್ಮೆಗೇ ಹೆಚ್ಚು ಕಳೆದುಕೊಳ್ಳುವುದು. ಇದು ಆದಾಯ ತೆರಿಗೆಯಂತೆ: ಶಕ್ತಿ ಹೆಚ್ಚಿದ್ದಷ್ಟೂ ನಷ್ಟ ಹೆಚ್ಚು. ಹಗುರವಾದ ಎಲೆಕ್ಟ್ರಾನ್ ಈ ಎರಡನೆಯ ಬಗೆಯಲ್ಲಿ ಬೇಗನೆ ದಿವಾಳಿಯಾಗುತ್ತದೆ. ಎಲೆಕ್ಟ್ರಾನ್ ಹೀಗೆ ಬೆಳಕನ್ನು ಸೂಸಿ, ಆ ಬೆಳಕು ಮತ್ತೆ ಕಣಗಳ ಜೋಡಿಯಾಗಿ, ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆಯುವ ಕಣಧಾರೆಯ ಸಿದ್ಧಾಂತವನ್ನು 1937ರಲ್ಲಿ ಮಂಡಿಸಿದವರು ಹೋಮಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್. ಎರಡನೇ ಮಹಾಯುದ್ಧದ ಕಾರಣ ಭಾರತದಲ್ಲೇ ಉಳಿದ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಹುಟ್ಟಿದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಅದು ಮುಂಬಯಿಗೆ ಸ್ಥಳಾಂತರಗೊಂಡಿತು.

ಕೆಜಿಎಫ್‌ನಂತಹ ಆಳದ ಗಣಿ ದೇಶದಲ್ಲಿ ಮತ್ತೊಂದಿರಲಿಲ್ಲ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 1951ರಲ್ಲಿ ಭಾಭಾ ಅವರು ನಂಜನಗೂಡು ಮೂಲದ ಯುವ ಸಂಶೋಧಕ ಬಿ.ವಿ. ಶ್ರೀಕಂಠನ್ ಅವರನ್ನು ಮ್ಯೂಯಾನ್ ಎಣಿಸಲು ಇಲ್ಲಿಗೆ ಕಳುಹಿಸಿದರು. ಶ್ರೀಕಂಠನ್ ಮುಂದೆ ಟಿಐಎಫ್‌ಆರ್ ನಿರ್ದೇಶಕರಾದರು, 2019ರಲ್ಲಿ ನಿಧನರಾದರು. ಕೆಲಸದ ತತ್ತ್ವ ಸರಳ. ಒಂದೇ ಉಪಕರಣವನ್ನು ಬೇರೆ ಬೇರೆ ಆಳಗಳಲ್ಲಿಟ್ಟು ಎಣಿಸುವುದು. ನೆಲದ ಮೇಲೆ ಎಷ್ಟು ಬರುತ್ತವೆ ಎಂಬುದು ಗೊತ್ತು. ಬಂಡೆಯ ದಪ್ಪ ಗೊತ್ತು. ಕೆಜಿಎಫ್ ಬಂಡೆ ನೀರಿಗಿಂತ ಸುಮಾರು ಮೂರು ಪಟ್ಟು ಸಾಂದ್ರ ಎಂಬುದೂ ಗೊತ್ತು. ಆಳದಲ್ಲಿ ಎಷ್ಟು ಉಳಿದವು ಎಂದು ನೋಡಿದರೆ ನಡುವೆ ಎಷ್ಟು ಸೋರಿಹೋಯಿತು ಎಂಬುದು ತಾನಾಗಿಯೇ ಹೊರಬೀಳುತ್ತದೆ.

ಸರಳ ತತ್ತ್ವವೆಂದರೆ ಸುಲಭದ ಕೆಲಸವೆಂದಲ್ಲ. ಗಣಿಯ ಆಳದಲ್ಲಿ ಬಂಡೆಯೇ ಬಿಸಿ. ಉಪಕರಣಗಳನ್ನು ಕಾರ್ಮಿಕರು ಇಳಿಯುವ ತೊಟ್ಟಿಲಲ್ಲೇ ಇಳಿಸಬೇಕು. ಮೇಲಾಗಿ, ಆಳ ಹೆಚ್ಚಿದಂತೆ ಎಣಿಸಲು ಸಿಗುವ ಕಣಗಳೇ ಇಲ್ಲವಾಗುತ್ತವೆ. 1960–61ರಲ್ಲಿ ಟಿಐಎಫ್‌ಆರ್ ವಿಜ್ಞಾನಿಗಳು ಜಪಾನಿನ ಸಬುರೊ ಮಿಯಾಕೆ ಅವರೊಂದಿಗೆ ಅತಿ ಆಳದ ಮಟ್ಟದಲ್ಲಿ ಸುಮಾರು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಯಾನ್ ಕೂಡ ಬರಲಿಲ್ಲ.

ಈ ಸೊನ್ನೆಯೇ ದೊಡ್ಡ ಫಲಿತಾಂಶವಾಯಿತು. ಮ್ಯೂಯಾನ್‌ಗಳ ಗದ್ದಲವೇ ಇಲ್ಲದ ಜಾಗವೆಂದರೆ ನ್ಯೂಟ್ರಿನೊ ಹಿಡಿಯಲು ಹೇಳಿ ಮಾಡಿಸಿದ ಜಾಗ. ನ್ಯೂಟ್ರಿನೊಗೆ ಬಂಡೆ ಲೆಕ್ಕಕ್ಕೇ ಇಲ್ಲ. ಅದು ಭೂಮಿಯನ್ನೇ ತೂರಿ ಹೋಗುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಬಂಡೆಯಲ್ಲಿ ಬಡಿದು ಮ್ಯೂಯಾನ್ ಒಂದನ್ನು ಹುಟ್ಟಿಸುತ್ತದೆ. ಮೇಲಿನಿಂದ ನೇರ ಇಳಿದ ಮ್ಯೂಯಾನ್ ಆದರೆ ಅದು ಆಕಾಶದಿಂದ ಬಂದದ್ದಿರಬಹುದು. ಅಡ್ಡಡ್ಡ ಬಂದರೆ ಅದು ಹಲವು ಕಿಲೋಮೀಟರ್ ಬಂಡೆಯನ್ನು ದಾಟಿ ಬಂದಿರಬೇಕಾಗುತ್ತದೆ. ಹಾಗೆ ದಾಟುವುದು ಮ್ಯೂಯಾನ್‌ಗೆ ಸಾಧ್ಯವಿಲ್ಲ. ಆದ್ದರಿಂದ ಅದು ಅಲ್ಲೇ ಪಕ್ಕದಲ್ಲಿ ನ್ಯೂಟ್ರಿನೊದಿಂದ ಹುಟ್ಟಿದ್ದು. 1965ರಲ್ಲಿ ಟಿಐಎಫ್‌ಆರ್, ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಇಂತಹ ಮ್ಯೂಯಾನ್‌ಗಳನ್ನು ಕಂಡಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಮೊದಲ ದರ್ಶನವಿದು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನಸ್ ಅವರ ತಂಡವೂ ಇದೇ ಬೇಟೆಯಲ್ಲಿತ್ತು. ಎರಡೂ ತಂಡಗಳ ಪ್ರಬಂಧಗಳು ಅದೇ ಆಗಸ್ಟ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಪ್ರಕಟವಾದವು, ಕೆಜಿಎಫ್‌ನದು ಮೊದಲು.

ಈ ಕಥೆ ವಿಜ್ಞಾನ ವಲಯದಲ್ಲಿ ಹಲವು ಬಾರಿ ಹೇಳಿದ್ದೇ. ಇಲ್ಲಿ ಗಮನಿಸಬೇಕಾದ ಅಂಶ ಬೇರೆ: ಕೆಜಿಎಫ್‌ನ ಎಣಿಕೆಗೆ ಬೆಲೆ ಬಂದದ್ದು ಬಂಡೆ ಇಲ್ಲದಿದ್ದರೆ ಎಷ್ಟು ಬರಬೇಕಿತ್ತು ಎಂಬ ಲೆಕ್ಕ ಮೊದಲೇ ಕೈಯಲ್ಲಿದ್ದ ಕಾರಣದಿಂದ.

ಚಿನ್ನಕ್ಕೆ ಚಿನ್ನ ಬಡಿದಾಗ

ಈಗ ಬಂಡೆಯ ಬದಲಿಗೆ ಬೇರೊಂದು ವಸ್ತುವನ್ನು ಊಹಿಸಿಕೊಳ್ಳೋಣ. ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗೆ ಕ್ವಾರ್ಕ್‌ಗಳೂ ಅವನ್ನು ಅಂಟಿಸಿ ಹಿಡಿದ ಗ್ಲೂವಾನ್‌ಗಳೂ ಇವೆ. ಸಾಮಾನ್ಯ ಸ್ಥಿತಿಯಲ್ಲಿ ಇವು ಎಂದೂ ಬಿಡಿಯಾಗಿ ಸಿಗುವುದಿಲ್ಲ. ಆದರೆ ತಾಪ ಸುಮಾರು 2 ಲಕ್ಷ ಕೋಟಿ ಡಿಗ್ರಿಗೆ ಏರಿದರೆ ಪ್ರೋಟಾನ್, ನ್ಯೂಟ್ರಾನ್‌ಗಳೇ ಕರಗಿ ಕ್ವಾರ್ಕ್-ಗ್ಲೂವಾನ್ ಪ್ಲಾಸ್ಮಾ ಎಂಬ ದ್ರವವಾಗುತ್ತದೆ. ಹೋಲಿಕೆಗೆ ಹೇಳುವುದಾದರೆ ಸೂರ್ಯನ ನಡುಗರ್ಭದ ತಾಪ ಸುಮಾರು ಒಂದೂವರೆ ಕೋಟಿ ಡಿಗ್ರಿ. ಮಹಾಸ್ಫೋಟದ ನಂತರದ ಮೊದಲ ಕೆಲವು ಮೈಕ್ರೋಸೆಕೆಂಡುಗಳಲ್ಲಿ ವಿಶ್ವವೆಲ್ಲ ಇದೇ ದ್ರವವಾಗಿತ್ತು ಎಂಬುದು ವಿಜ್ಞಾನಿಗಳ ತಿಳಿವಳಿಕೆ.

ಭಾರವಾದ ಎರಡು ನ್ಯೂಕ್ಲಿಯಸ್‌ಗಳನ್ನು ಬೆಳಕಿನ ವೇಗದ ಸಮೀಪದಲ್ಲಿ ಡಿಕ್ಕಿ ಹೊಡೆಸಿದರೆ ಇಂತಹ ಒಂದು ಹನಿ ಕ್ಷಣಾರ್ಧಕ್ಕಿಂತ ಎಷ್ಟೋ ಕಡಿಮೆ ಕಾಲ ಹುಟ್ಟಿ ಅಳಿಯುತ್ತದೆ. ಹನಿಯ ಅಗಲ ಒಂದು ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಹತ್ತು-ಹದಿನಾಲ್ಕು ಭಾಗ. ಇದರೊಳಗೆ ಹೊರಗಿನಿಂದ ಕಣವನ್ನು ಕಳುಹಿಸಿ ಪರೀಕ್ಷಿಸುವ ಮಾತೇ ಇಲ್ಲ. ಆದರೆ ಘರ್ಷಣೆಯೇ ಆ ಕೆಲಸವನ್ನೂ ಮಾಡಿಕೊಡುತ್ತದೆ. ಆಗೊಮ್ಮೆ ಈಗೊಮ್ಮೆ ಎರಡು ಕ್ವಾರ್ಕ್‌ಗಳು ನೇರ ಮುಖಾಮುಖಿಯಾಗಿ ಬಡಿದು ವಿರುದ್ಧ ದಿಕ್ಕುಗಳಿಗೆ ಸಿಡಿಯುತ್ತವೆ. ಹೀಗೆ ಸಿಡಿದ ಕ್ವಾರ್ಕ್ ಬಿಡಿಯಾಗಿ ಹೊರಬರಲಾರದೆ ಒಂದೇ ದಿಕ್ಕಿನಲ್ಲಿ ಚಿಮ್ಮುವ ಕಣಗಳ ಗೊಂಚಲಾಗಿ ಮಾರ್ಪಡುತ್ತದೆ. ಈ ಗೊಂಚಲಿಗೆ ಜೆಟ್ ಎಂದು ಹೆಸರು. ಹೊರಬರುವ ದಾರಿಯಲ್ಲಿ ಪ್ಲಾಸ್ಮಾ ಇದ್ದರೆ ಕ್ವಾರ್ಕ್ ಅದರಲ್ಲಿ ಗ್ಲೂವಾನ್‌ಗಳನ್ನು ಸೂಸಿ ಸೊರಗುತ್ತದೆ. ಭಾಭಾ ಮತ್ತು ಹೈಟ್ಲರ್ ಲೆಕ್ಕದಲ್ಲಿ ಎಲೆಕ್ಟ್ರಾನ್ ಬೆಳಕನ್ನು ಸೂಸಿದಂತೆಯೇ ಇದು, ನಿಯಮಗಳು ಮಾತ್ರ ಇನ್ನಷ್ಟು ಜಟಿಲ.

ಈ ಶಕ್ತಿನಷ್ಟದ ಕಲ್ಪನೆಯನ್ನು 1982ರಲ್ಲಿ ಮುಂದಿಟ್ಟವರು ಅಮೆರಿಕದ ಫರ್ಮಿಲ್ಯಾಬ್‌ನಲ್ಲಿದ್ದ ಜೇಮ್ಸ್ ಬ್ಯೋರ್ಕೆನ್. ಅವರು ಬರೆದದ್ದು ಭಾರಿ ನ್ಯೂಕ್ಲಿಯಸ್‌ಗಳ ಬಗ್ಗೆ ಅಲ್ಲ, ಪ್ರೋಟಾನ್‌ನಂತಹ ಒಂಟಿ ಕಣಗಳ ಡಿಕ್ಕಿಯ ಬಗ್ಗೆ ಎಂಬುದು ಮುಂದಿನ ಕಥೆಗೆ ಮುಖ್ಯ. ಅಂದರೆ ಪ್ರಶ್ನೆ ಹುಟ್ಟಿದ್ದೇ ಅತಿ ಸಣ್ಣ ಘರ್ಷಣೆಯಲ್ಲಿ. ಉತ್ತರ ಮೊದಲು ಸಿಕ್ಕಿದ್ದು ದೊಡ್ಡ ಘರ್ಷಣೆಯಲ್ಲಿ.

ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್‌ನಲ್ಲಿ 2000ದಲ್ಲಿ ಆರಂಭವಾದ ಯಂತ್ರದಲ್ಲಿ ಡಿಕ್ಕಿ ಹೊಡೆಸಿದ್ದು ಚಿನ್ನದ ನ್ಯೂಕ್ಲಿಯಸ್‌ಗಳನ್ನು. ಚಿನ್ನದ ಒಂದು ನ್ಯೂಕ್ಲಿಯಸ್‌ನಲ್ಲಿ 197 ಪ್ರೋಟಾನ್-ನ್ಯೂಟ್ರಾನ್‌ಗಳಿವೆ. ನೇರ ಘರ್ಷಣೆಗಳಲ್ಲಿ ಹೆಚ್ಚು ಶಕ್ತಿಯ ಕಣಗಳು ನಿರೀಕ್ಷೆಯ ಸುಮಾರು ಐದನೇ ಒಂದು ಭಾಗದಷ್ಟೇ ಹೊರಬಂದವು. ವಿರುದ್ಧ ದಿಕ್ಕಿನ ಜೋಡಿ ಜೆಟ್‌ಗಳಲ್ಲಿ ಒಂದು ಕಾಣುತ್ತಿತ್ತು, ಇನ್ನೊಂದು ಕರಗಿಹೋಗಿತ್ತು. 2010ರಲ್ಲಿ ಎಲ್‌ಎಚ್‌ಸಿ ಸೀಸದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸಿದಾಗ ಜೋಡಿಯಲ್ಲಿ ಒಂದು ಜೆಟ್ ದಪ್ಪ, ಇನ್ನೊಂದು ಸೊರಗಿದ್ದು ಬರಿಗಣ್ಣಿಗೇ ಎಂಬಂತೆ ಚಿತ್ರಗಳಲ್ಲಿ ಮೂಡಿತು.

ಆದರೆ ಕಣಗಳು ಕಡಿಮೆಯಾದದ್ದು ಪ್ಲಾಸ್ಮಾದಿಂದಲೇ ಎಂದು ಹೇಳುವುದು ಹೇಗೆ? ಚಿನ್ನದ ನ್ಯೂಕ್ಲಿಯಸ್ಸೇ ಮೊದಲಿನಿಂದ ಹಾಗಿದ್ದರೆ? ಇದನ್ನು ಪರೀಕ್ಷಿಸಲು 2003ರಲ್ಲಿ ಚಿನ್ನಕ್ಕೆ ಡ್ಯೂಟೆರಾನ್ ಬಡಿಸಿ ನೋಡಿದರು. ಡ್ಯೂಟೆರಾನ್ ಎಂದರೆ ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಮಾತ್ರ. ಅಲ್ಲಿ ಕೊರತೆ ಕಾಣಲಿಲ್ಲ. ಹಾಗಾದರೆ ಚಿನ್ನ-ಚಿನ್ನ ಘರ್ಷಣೆಯ ಕೊರತೆಗೆ ನಡುವೆ ಹುಟ್ಟಿದ ದ್ರವವೇ ಕಾರಣ ಎಂಬ ತೀರ್ಮಾನಕ್ಕೆ ಬರಲಾಯಿತು. ಸಣ್ಣ ಘರ್ಷಣೆಯೆಂದರೆ ಪ್ಲಾಸ್ಮಾ ಇಲ್ಲದ, ಹೋಲಿಕೆಗೆ ಮಾತ್ರ ಬಳಸುವ ಘರ್ಷಣೆ ಎಂದು ಎಲ್ಲರೂ ಒಪ್ಪಿಕೊಂಡರು.

ಹೋಲಿಕೆಯ ತಕ್ಕಡಿಯೇ ಅಲುಗಿತು

ಆ ನೆಮ್ಮದಿ ಹೆಚ್ಚು ಕಾಲ ಉಳಿಯಲಿಲ್ಲ. 2010ರಲ್ಲಿ ಎಲ್‌ಎಚ್‌ಸಿಯ ಸಿಎಂಎಸ್ ಪ್ರಯೋಗ ಪ್ರೋಟಾನ್-ಪ್ರೋಟಾನ್ ಘರ್ಷಣೆಗಳಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿತು. ಅತಿ ಹೆಚ್ಚು ಕಣಗಳು ಹೊರಬಂದ ಘರ್ಷಣೆಗಳಲ್ಲಿ, ಒಂದಕ್ಕೊಂದು ದೂರ ಇರುವ ಕಣಗಳೂ ಒಂದೇ ಪ್ರವಾಹದಲ್ಲಿ ಸಿಕ್ಕಂತೆ ಹೊಂದಿಕೊಂಡು ಚಲಿಸುತ್ತಿದ್ದವು. ದ್ರವದ ಹರಿವಿನ ಈ ಗುರುತು ಅದುವರೆಗೆ ಭಾರಿ ನ್ಯೂಕ್ಲಿಯಸ್‌ಗಳ ಘರ್ಷಣೆಗೆ ಮೀಸಲು ಎಂದು ಭಾವಿಸಲಾಗಿತ್ತು. 2012ರಿಂದಾಚೆಗೆ ಸೀಸಕ್ಕೆ ಪ್ರೋಟಾನ್ ಬಡಿಸಿದಾಗಲೂ ಅದೇ ಗುರುತು, ಇನ್ನೂ ದಟ್ಟವಾಗಿ ಕಂಡಿತು.

ಹರಿವು ಇದೆ ಎಂದರೆ ದ್ರವ ಇದೆ. ದ್ರವ ಇದ್ದರೆ ಅದರೊಳಗೆ ಹಾದ ಜೆಟ್ ಸೊರಗಬೇಕು. ಆದರೆ ಪ್ರೋಟಾನ್-ಸೀಸ ಘರ್ಷಣೆಯಲ್ಲಿ ಎಷ್ಟು ಹುಡುಕಿದರೂ ಜೆಟ್ ಸೊರಗಿದ ಸ್ಪಷ್ಟ ಲಕ್ಷಣ ಸಿಗಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕ್ಷೇತ್ರವನ್ನು ಕಾಡಿದ ಒಗಟು ಇದು. ಎರಡು ವಿವರಣೆಗಳಿದ್ದವು. ಒಂದು, ಹರಿವಿನಂತೆ ಕಾಣುವುದಕ್ಕೆ ಕಾರಣವೇ ಬೇರೆ, ಅಲ್ಲಿ ದ್ರವವೇ ಇಲ್ಲ. ಇನ್ನೊಂದು, ದ್ರವ ಇದೆ. ಆದರೆ ಹನಿ ತೀರಾ ಚಿಕ್ಕದಾದ್ದರಿಂದ ನಷ್ಟವೂ ಚಿಕ್ಕದು, ಅದನ್ನು ಅಳೆಯುವ ತಕ್ಕಡಿ ನಮ್ಮಲ್ಲಿಲ್ಲ. ಮೊದಲನೆಯದು ನಿಜವಾದರೆ ಭಾರಿ ನ್ಯೂಕ್ಲಿಯಸ್‌ಗಳ ಬಗ್ಗೆ ಹರಿವನ್ನು ನಂಬಿ ಹೇಳಿದ ಮಾತುಗಳನ್ನೂ ಮತ್ತೆ ತೂಗಿ ನೋಡಬೇಕಾಗುತ್ತದೆ.

ಬೆಳಗಿನ ಹೊತ್ತು ಬಂಗಾರಪೇಟೆ ನಿಲ್ದಾಣದಲ್ಲಿ ಬೆಂಗಳೂರಿಗೆ ಹೊರಟವರ ನಡುವೆ ತೂರಿಕೊಂಡು ಹೋದವರಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಿಲ್ಲ. ಆ ಜನಜಂಗುಳಿಯಲ್ಲಿ ನುಗ್ಗಿ ಬಂದವನ ಅಂಗಿ ಮುದುಡಿದ್ದನ್ನು ನೋಡಿದರೆ ಸಾಕು. ಅದೇ ಕೋರಮಂಡಲ್ ನಿಲ್ದಾಣದಲ್ಲಿ ನಾಲ್ಕು ಜನ ನಿಂತಿದ್ದರೆ? ದಾಟಿ ಬಂದವನನ್ನು ನೋಡಿ ಅಲ್ಲಿ ಗುಂಪಿತ್ತೋ ಇಲ್ಲವೋ ಎಂದು ಹೇಳುವುದು ಕಷ್ಟ. ಅವನು ಮೊದಲು ಹೇಗಿದ್ದ ಎಂಬುದು ಸರಿಯಾಗಿ ಗೊತ್ತಿರಬೇಕು.

ಪ್ರೋಟಾನ್-ಸೀಸ ಘರ್ಷಣೆಯಲ್ಲಿ ಗೊತ್ತಿಲ್ಲದಿದ್ದದ್ದು ಇದೇ. ಅಲ್ಲಿ ದ್ರವದ ಹನಿ ದೊಡ್ಡದಿರಬಹುದಾದ ಘರ್ಷಣೆಗಳನ್ನು ಆರಿಸಲು, ಹೆಚ್ಚು ಕಣಗಳು ಬಂದ ಘರ್ಷಣೆಗಳನ್ನೇ ಆರಿಸುತ್ತಾರೆ. ಆದರೆ ಜೆಟ್ ಇದ್ದ ಘರ್ಷಣೆಯಲ್ಲಿ ಕಣಗಳ ಸಂಖ್ಯೆ ಅದರಿಂದಲೇ ಏರುಪೇರಾಗುತ್ತದೆ. ಆಯ್ಕೆಯ ಮಾನದಂಡವೇ ಉತ್ತರವನ್ನು ಬಾಗಿಸಿದಂತೆ. ಚುನಾವಣಾ ಸಮೀಕ್ಷೆ ಮಾಡುವವರು ಒಂದೇ ಪಕ್ಷದ ಸಭೆಗೆ ಹೋಗಿ ಅಭಿಪ್ರಾಯ ಕೇಳಿದರೆ ಏನಾಗುತ್ತದೋ ಅದೇ.

16ನ್ನು 16ರಿಂದ ಗುಣಿಸಿದರೆ

ಆಮ್ಲಜನಕದ ಆಯ್ಕೆ ಈ ತೊಡಕನ್ನು ಬಿಡಿಸಲೆಂದೇ ಆದದ್ದು. ಆಮ್ಲಜನಕದ ನ್ಯೂಕ್ಲಿಯಸ್‌ನಲ್ಲಿ 16 ಪ್ರೋಟಾನ್-ನ್ಯೂಟ್ರಾನ್‌ಗಳಿವೆ, ಸೀಸದಲ್ಲಿ 208. ಎರಡು ಆಮ್ಲಜನಕಗಳು ಡಿಕ್ಕಿಯಾದಾಗ ಹುಟ್ಟುವ ಹನಿ ಪ್ರೋಟಾನ್-ಸೀಸ ಘರ್ಷಣೆಯ ಹನಿಗಿಂತ ತೀರಾ ದೊಡ್ಡದೇನೂ ಅಲ್ಲ. ಆದರೆ ಇಲ್ಲಿ ಘರ್ಷಣೆಗಳನ್ನು ಆರಿಸುವ ಅಗತ್ಯವಿಲ್ಲ. ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ದ್ರವದ ಪ್ರಭಾವ ಇಲ್ಲದಿದ್ದಲ್ಲಿ ಎಷ್ಟು ಕಣ ಬರಬೇಕು ಎಂಬುದನ್ನು ಪ್ರೋಟಾನ್-ಪ್ರೋಟಾನ್ ಘರ್ಷಣೆಯ ಅಳತೆಯನ್ನು 256ರಿಂದ, ಅಂದರೆ 16ನ್ನು 16ರಿಂದ ಗುಣಿಸಿದ ಸಂಖ್ಯೆಯಿಂದ, ಹೆಚ್ಚಿಸಿ ಪಡೆಯಬಹುದು. ಊಹೆಗೆ ಜಾಗ ಕಡಿಮೆ. ಶ್ರೀಕಂಠನ್ ಕಾಲದ ಗಣಿಯ ಲೆಕ್ಕದಷ್ಟೇ ನೇರ.

2025ರ ಜೂನ್ ಕೊನೆಯಿಂದ ಜುಲೈ 9ರವರೆಗೆ ಎಲ್‌ಎಚ್‌ಸಿ ಹಗುರ ನ್ಯೂಕ್ಲಿಯಸ್‌ಗಳ ಈ ಓಟಕ್ಕೆ ಮೀಸಲಾಯಿತು. ಮೊದಲು ಆಮ್ಲಜನಕಕ್ಕೆ ಪ್ರೋಟಾನ್, ನಂತರ ಆಮ್ಲಜನಕಕ್ಕೆ ಆಮ್ಲಜನಕ, ಕೊನೆಗೆ ನಿಯಾನ್‌ಗೆ ನಿಯಾನ್. ಆಮ್ಲಜನಕ-ಆಮ್ಲಜನಕ ಘರ್ಷಣೆಯ ಶಕ್ತಿ ಪ್ರತಿ ಪ್ರೋಟಾನ್-ನ್ಯೂಟ್ರಾನ್ ಜೋಡಿಗೆ 5.36 ಟೆರಾ ಎಲೆಕ್ಟ್ರಾನ್ ವೋಲ್ಟ್. ಕೆಜಿಎಫ್‌ನ 2.3 ಕಿಲೋಮೀಟರ್ ಆಳಕ್ಕೆ ತಲುಪಲು ಮ್ಯೂಯಾನ್ ಒಂದಕ್ಕೆ ನೆಲಮಟ್ಟದಲ್ಲಿ ಇರಬೇಕಾದ ಶಕ್ತಿಯೂ ಹಲವು ಟೆರಾ ಎಲೆಕ್ಟ್ರಾನ್ ವೋಲ್ಟ್. ಎಲ್‌ಎಚ್‌ಸಿ 27 ಕಿಲೋಮೀಟರ್ ಸುತ್ತಳತೆಯ ಉಂಗುರದಲ್ಲಿ ಸಾಧಿಸುವುದನ್ನು ಆಕಾಶ ಬಿಟ್ಟಿಯಾಗಿ ಕೊಡುತ್ತಿತ್ತು. ತಿಂಗಳಿಗೆ ಒಂದೋ ಎರಡೋ ಎಂಬಷ್ಟು ಜಿಪುಣತನದಿಂದ ಎಂಬುದೂ ನಿಜ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಿಎಂಎಸ್ ಪ್ರಯೋಗ ತನ್ನ ಫಲಿತಾಂಶವನ್ನು ಹೊರಗಿಟ್ಟಿತು. ಸುಮಾರು 6 ಗಿಗಾ ಎಲೆಕ್ಟ್ರಾನ್ ವೋಲ್ಟ್ ಬಳಿಯ ಕಣಗಳು ನಿರೀಕ್ಷೆಯ 0.69ರಷ್ಟು ಮಾತ್ರ ಇದ್ದವು. ನೂರು ಬರಬೇಕಾದಲ್ಲಿ ಸುಮಾರು ಎಪ್ಪತ್ತು. ಶಕ್ತಿ ಹೆಚ್ಚಿದಂತೆ ಈ ಕೊರತೆ ನಿಧಾನವಾಗಿ ತುಂಬಿಕೊಂಡು 100 ಗಿಗಾ ಎಲೆಕ್ಟ್ರಾನ್ ವೋಲ್ಟ್ ಸಮೀಪದಲ್ಲಿ ನಿರೀಕ್ಷೆಗೆ ಹತ್ತಿರವಾಯಿತು. ಭಾರಿ ನ್ಯೂಕ್ಲಿಯಸ್‌ಗಳಲ್ಲಿ ಕಂಡ ನಕ್ಷೆಯ ಪುಟ್ಟ ಪ್ರತಿಯಂತೆ ಇದು ತೋರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ಕಣಗಳ ಸಂಖ್ಯೆ ಮೂವತ್ತರಷ್ಟು ಇಳಿದರೆ ಶಕ್ತಿಯೂ ಶೇಕಡಾ ಮೂವತ್ತು ನಷ್ಟವಾಯಿತೆಂದು ಅರ್ಥವಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಮೂರು ಅಂಕ ಕಡಿತವಾಯಿತೆಂದು ಭಾವಿಸಿ. ತೊಂಬತ್ತೈದು ದಾಟಿದವರ ಪಟ್ಟಿ ಅರ್ಧಕ್ಕೆ ಕುಸಿಯಬಹುದು. ಏಕೆಂದರೆ ಮೇಲೆ ಹೋದಂತೆ ವಿದ್ಯಾರ್ಥಿಗಳು ವೇಗವಾಗಿ ಕಡಿಮೆಯಾಗುತ್ತಾರೆ. ಕಣಗಳದೂ ಇದೇ ಪರಿಸ್ಥಿತಿ. ಹೆಚ್ಚು ಶಕ್ತಿಯ ಕಣಗಳು ಮೊದಲೇ ವಿರಳ. ಪ್ರತಿಯೊಂದೂ ಕಳೆದುಕೊಂಡದ್ದು ಚಿಲ್ಲರೆಯಾದರೂ ಪಟ್ಟಿಯಲ್ಲಿ ಆಗುವ ಕೊರತೆ ದೊಡ್ಡದು. ಇಷ್ಟು ಪುಟ್ಟ ಹನಿಯಲ್ಲಿ ನಷ್ಟವನ್ನು ಹುಡುಕಲು ಸಾಧ್ಯವಾದದ್ದೂ ಈ ಗುಣದಿಂದಲೇ.

ಕೊರತೆ ಇರುವುದು ಖಚಿತ. ಆಕಸ್ಮಿಕ ಏರಿಳಿತ ಎಂದು ತಳ್ಳಿಹಾಕಲಾಗದಷ್ಟು ಗಟ್ಟಿ. ಆದರೆ ಕೊರತೆಗೆ ಕಾರಣ ಪ್ಲಾಸ್ಮಾದಲ್ಲಾದ ಶಕ್ತಿನಷ್ಟ ಒಂದೇ ಎಂದು ಹೇಳಲು ಇನ್ನೊಂದು ಹೆಜ್ಜೆ ಬೇಕು. ನ್ಯೂಕ್ಲಿಯಸ್‌ನೊಳಗೆ ಕಟ್ಟಿಹಾಕಿದ ಪ್ರೋಟಾನ್‌ನಲ್ಲಿ ಕ್ವಾರ್ಕ್, ಗ್ಲೂವಾನ್‌ಗಳ ಹಂಚಿಕೆ ಬಿಡಿ ಪ್ರೋಟಾನ್‌ನಲ್ಲಿ ಇದ್ದಂತೆ ಇರುವುದಿಲ್ಲ. ಡಿಕ್ಕಿಗೆ ಮೊದಲೇ ಸರಕು ಕಡಿಮೆ ಇದ್ದರೆ ದಾರಿಯಲ್ಲಿ ಕಳವಾಯಿತೆಂದು ದೂರು ಕೊಡಲಾಗದು. ಆಮ್ಲಜನಕದ ಮಟ್ಟಿಗೆ ಈ ಹಂಚಿಕೆಯ ಅಳತೆ ಇನ್ನೂ ಮಸುಕು. ಶಕ್ತಿನಷ್ಟವನ್ನು ಸೇರಿಸಿಕೊಂಡ ಲೆಕ್ಕಗಳು ಸಿಎಂಎಸ್ ಅಳತೆಗೆ ಹೆಚ್ಚು ಹೊಂದುತ್ತವೆ. ಸೇರಿಸದ ಲೆಕ್ಕಗಳು ಇಷ್ಟು ಆಳದ ಕೊರತೆಯನ್ನು ಕೊಡುವುದಿಲ್ಲ. ತೂಕ ಒಂದು ಕಡೆಗೆ ವಾಲಿದೆ ಎನ್ನಬಹುದು.

ಕೋಲಾರ ಘಟನೆಗಳ ನೆನಪು

ಇಷ್ಟು ಎಚ್ಚರಿಕೆ ಏಕೆ ಎಂದು ಕೇಳುವವರಿಗೆ ಕೆಜಿಎಫ್‌ನ ಕಥೆಯ ಉಳಿದರ್ಧವನ್ನು ಹೇಳಬೇಕು. 1975ರಲ್ಲಿ ಇಲ್ಲಿನ ತಂಡ ಕೆಲವು ವಿಚಿತ್ರ ದಾಖಲೆಗಳನ್ನು ಪ್ರಕಟಿಸಿತು. ಉಪಕರಣದ ಬಳಿಯ ಒಂದೇ ಬಿಂದುವಿನಿಂದ ಎರಡು ಮೂರು ಕಣಗಳು ಕವಲೊಡೆದು ಬಂದಂತಿದ್ದ ಆ ಘಟನೆಗಳು ಹೊಸ ಕಣವೊಂದರ ಸುಳಿವೇ ಎಂಬ ಪ್ರಶ್ನೆ ಎದ್ದಿತು. ಜಗತ್ತಿನ ಭೌತವಿಜ್ಞಾನದಲ್ಲಿ ಇವು ಇಂದಿಗೂ ಕೋಲಾರ ಘಟನೆಗಳು ಎಂದೇ ಪ್ರಸಿದ್ಧ. ವೇಗವರ್ಧಕ ಯಂತ್ರಗಳಲ್ಲಿ ಹುಡುಕಿದರು, ಸಿಗಲಿಲ್ಲ. ಇಂದಿಗೂ ದೃಢಪಟ್ಟಿಲ್ಲ.

1980ರ ಕೊನೆಯಲ್ಲಿ ಪ್ರೋಟಾನ್ ಸಾಯುತ್ತದೆಯೇ ಎಂದು ತಿಳಿಯಲು 2.3 ಕಿಲೋಮೀಟರ್ ಆಳದಲ್ಲಿ ಸುಮಾರು 140 ಟನ್ ತೂಕದ, ಕಬ್ಬಿಣದ ಪದರಗಳ ಉಪಕರಣ ಕೆಲಸ ಆರಂಭಿಸಿತು. ಇದೇ ಕೆಲಸಕ್ಕೆಂದು ಕಟ್ಟಿದ ಉಪಕರಣಗಳಲ್ಲಿ ಜಗತ್ತಿನಲ್ಲೇ ಮೊದಲಿನದು. ಕೆಲವೇ ತಿಂಗಳುಗಳಲ್ಲಿ ಪ್ರೋಟಾನ್ ಸಾವಿನಂತೆ ಕಾಣುವ ಘಟನೆಗಳು ಸಿಕ್ಕವು, ಸುದ್ದಿಯೂ ಆಯಿತು. ನಂತರ ಅಮೆರಿಕ ಮತ್ತು ಜಪಾನಿನ ದೊಡ್ಡ ಉಪಕರಣಗಳು ಅದನ್ನು ಒಪ್ಪಲಿಲ್ಲ. ಪ್ರೋಟಾನ್ ಒಂದು ಪಾಸಿಟ್ರಾನ್ ಮತ್ತು ಒಂದು ಪೈಯಾನ್ ಆಗಿ ಒಡೆಯುವುದಾದರೆ ಅದಕ್ಕೆ ಹಿಡಿಯುವ ಕಾಲ 1ರ ಮುಂದೆ 34 ಸೊನ್ನೆಗಳನ್ನಿಟ್ಟಷ್ಟು ವರ್ಷಗಳಿಗಿಂತಲೂ ಹೆಚ್ಚು ಎಂದು ಜಪಾನಿನ ಸೂಪರ್ ಕಾಮಿಯೋಕಾಂಡೆ ಹೇಳಿದೆ.

ಕೆಜಿಎಫ್ ವಿಜ್ಞಾನಿಗಳು ತಪ್ಪು ಎಣಿಸಿದರು ಎಂದು ಇದರಿಂದ ತಿಳಿಯಬಾರದು. ಅವರು ಕಂಡದ್ದನ್ನು ಕಂಡಂತೆ ಬರೆದಿಟ್ಟರು. ನ್ಯೂಟ್ರಿನೊ ವಿಚಾರದಲ್ಲಿ ಕಣ ಬಂದ ಕೋನವೇ ಸಾಕ್ಷಿಯಾಗಿ ನಿಂತಿತ್ತು. ಬೇರೆ ಕಾರಣಕ್ಕೆ ಜಾಗವೇ ಇರಲಿಲ್ಲ. ಪ್ರೋಟಾನ್ ವಿಚಾರದಲ್ಲಿ ನ್ಯೂಟ್ರಿನೊಗಳೇ ಅದೇ ಬಗೆಯ ಗುರುತನ್ನು ಬಿಡಬಲ್ಲವಾಗಿದ್ದವು, ಎಣಿಕೆಗೆ ಸಿಕ್ಕದ್ದೂ ಬೆರಳೆಣಿಕೆಯಷ್ಟು. ಆಮ್ಲಜನಕದ ಫಲಿತಾಂಶ ಎಣಿಕೆಯಲ್ಲಿ ಶ್ರೀಮಂತ. ಬೇರೆ ಕಾರಣಗಳನ್ನು ಹೊರಗಟ್ಟುವ ಕೆಲಸ ಮಾತ್ರ ಬಾಕಿ.

ಇನ್ನೊಂದು ನಂಟನ್ನೂ ಇಲ್ಲಿ ಹೇಳಬೇಕು. ಸಿಎಂಎಸ್ ಉಪಕರಣದ ಒಂದು ಭಾಗವನ್ನು, ಒಳಪದರಗಳನ್ನು ದಾಟಿ ಹೊರಬರುವ ಶಕ್ತಿಯನ್ನು ಹಿಡಿಯುವ ಹೊರ ಕ್ಯಾಲೊರಿಮೀಟರನ್ನು, ಕಟ್ಟಿಕೊಡುವಲ್ಲಿ ಟಿಐಎಫ್‌ಆರ್ ಮುಂದಾಳಾಗಿತ್ತು. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಫಲಕಗಳಿಂದ ಅದು ಮಾಡಲ್ಪಟ್ಟಿದೆ. 1965ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ನ್ಯೂಟ್ರಿನೊ ಹಿಡಿದ ಗೋಡೆಗಳೂ ಅದೇ ಬಗೆಯ ಪ್ಲಾಸ್ಟಿಕ್‌ನವೇ. 2017ರಿಂದ ಭಾರತ ಸರ್ನ್‌ನ ಸಹಸದಸ್ಯ ರಾಷ್ಟ್ರ.

ಗಣಿಯ ನಷ್ಟ ಹೆಚ್ಚಿದಂತೆ ಕೆಜಿಎಫ್ ಪ್ರಯೋಗಾಲಯ 1992ರಲ್ಲಿ ಮುಚ್ಚಿತು. ಕೆನಡಾದ ಸಡ್ಬರಿ ನಿಕ್ಕಲ್ ಗಣಿಯಲ್ಲಿ ಎರಡು ಕಿಲೋಮೀಟರ್ ಆಳದಲ್ಲಿ ನ್ಯೂಟ್ರಿನೊ ಪ್ರಯೋಗ ನಡೆಸಿದ ಆರ್ಥರ್ ಮೆಕ್‌ಡೊನಾಲ್ಡ್ 2015ರಲ್ಲಿ ನೊಬೆಲ್ ಹಂಚಿಕೊಂಡರು. ಆ ಪ್ರಯೋಗಾಲಯ ನಂತರ ಇನ್ನಷ್ಟು ವಿಸ್ತಾರಗೊಂಡಿತು. ಅಲ್ಲಿಯ ಗಣಿ ನಡೆಯುತ್ತಲೇ ಇತ್ತು, ನಮ್ಮದು ನಿಂತಿತು. ಗಣಿಯನ್ನು ನಡೆಸಲಾಗದಿದ್ದರೂ ಒಂದು ಬಾವಿಯನ್ನಾದರೂ ಉಳಿಸಿಕೊಳ್ಳಬಹುದಿತ್ತು ಎನಿಸುವುದು ಸಹಜ. ಆದರೆ ಅಷ್ಟು ಆಳದಿಂದ ಹಗಲಿರುಳು ನೀರೆತ್ತುವ ಖರ್ಚನ್ನು ಯಾರು ಹೊರುತ್ತಿದ್ದರು ಎಂಬ ಪ್ರಶ್ನೆಯೂ ಅಷ್ಟೇ ಸಹಜ.

ಸರ್ನ್‌ನಲ್ಲಿ ಸದ್ಯಕ್ಕೆ ಉಳಿದ ಕೆಲಸ ಎರಡು ಬಗೆಯದು. ನಿಯಾನ್ ನ್ಯೂಕ್ಲಿಯಸ್‌ನಲ್ಲಿ 20 ಪ್ರೋಟಾನ್-ನ್ಯೂಟ್ರಾನ್‌ಗಳಿವೆ. ಹನಿ ಅಷ್ಟು ದೊಡ್ಡದಾದರೆ ಕೊರತೆಯೂ ಲೆಕ್ಕದಂತೆ ಬೆಳೆಯುತ್ತದೆಯೇ ಎಂದು ನೋಡುವುದು ಒಂದು. ಆಮ್ಲಜನಕಕ್ಕೆ ಪ್ರೋಟಾನ್ ಬಡಿಸಿ ಪಡೆದ ದಾಖಲೆಗಳನ್ನು ಬಳಸಿ, ಡಿಕ್ಕಿಗೆ ಮೊದಲು ಆಮ್ಲಜನಕದೊಳಗೆ ಎಷ್ಟು ಸರಕಿತ್ತು ಎಂಬ ಮಸುಕನ್ನು ತಿಳಿಯಾಗಿಸುವುದು ಇನ್ನೊಂದು. ಈ ಎರಡನೆಯ ದಾಖಲೆಗೆ ವಿಶ್ವಕಿರಣ ತಜ್ಞರೂ ಕಾದಿದ್ದರು. ವಾಯುಮಂಡಲದಲ್ಲಿ ನಡೆಯುವುದು ಇದೇ ಬಗೆಯ ಡಿಕ್ಕಿ, ಮತ್ತು ಅತಿ ಹೆಚ್ಚು ಶಕ್ತಿಯ ವಿಶ್ವಕಿರಣಗಳಿಂದ ನೆಲಕ್ಕೆ ಬರುವ ಮ್ಯೂಯಾನ್‌ಗಳು ಲೆಕ್ಕಕ್ಕಿಂತ ಹೆಚ್ಚಿರುವುದೇಕೆ ಎಂಬುದು ಅವರನ್ನು ಹಲವು ವರ್ಷಗಳಿಂದ ಕಾಡುತ್ತಿದೆ. ಮಾರಿಕುಪ್ಪಂನ ಕೊನೆಯ ಹಳಿಯ ಮೇಲೂ ಆ ಮ್ಯೂಯಾನ್‌ಗಳು ಬೀಳುತ್ತಲೇ ಇವೆ.